ಎರಡೂಕಾಲು ನಿಮಿಷದ ಹಾಡು, ನಲವತ್ತು ವರ್ಷದ ಜಗಳ

ಒಂದು ಹಾಡುಗಾರರ ತಂಡದ ಕಥೆ ಅಂದರೆ ಮುಂದೆ ನಿಂತು ಹಾಡಿದವನ ಕಥೆ ಹೇಳಿ ಕೈ ತೊಳೆದುಕೊಳ್ಳೋದು ನಮಗೆಲ್ಲ ಅಭ್ಯಾಸ. 1950ರ ದಶಕದ ನ್ಯೂಯಾರ್ಕಿನ ಡೂ-ವಾಪ್ ತಂಡ ಫ್ರ್ಯಾಂಕಿ ಲೈಮನ್ ಅಂಡ್ ದಿ ಟೀನೇಜರ್ಸ್ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಹದಿಮೂರು ವರ್ಷದ ಹುಡುಗ, ಎಲ್ಲೂ ಕೇಳಿರದಂಥ ಕಂಠ, ‘ವೈ ಡೂ ಫೂಲ್ಸ್ ಫಾಲ್ ಇನ್ ಲವ್’ ಅನ್ನೋ ಒಂದೇ ಹಾಡಿಗೆ ದೇಶವೆಲ್ಲ ಮರುಳು, ಇಪ್ಪತ್ತೈದಕ್ಕೆ ಸಾವು. ಇಷ್ಟು ಹೇಳಿದರೆ ಸಾಕು, ಸಭೆ ಮೆತ್ತಗಾಗುತ್ತದೆ. ಆದರೆ ಆ ಕಾಲದ ಫೋಟೋಗಳನ್ನು ಸ್ವಲ್ಪ ಗಮನಿಸಿ ನೋಡಿ. ಅವನ ಸುತ್ತ ಇನ್ನೂ ನಾಲ್ಕು ಹುಡುಗರು ಇದ್ದಾರೆ. ಎಲ್ಲರಿಗೂ ಒಂದೇ ಥರದ ಸ್ವೆಟರ್, ಎದೆ ಮೇಲೆ ದೊಡ್ಡದಾಗಿ ‘ಟಿ’ ಅಕ್ಷರ. ಶೆರ್ಮನ್ ಗಾರ್ನ್ಸ್, ಜಿಮ್ಮಿ ಮರ್ಚಂಟ್, ಹರ್ಮನ್ ಸ್ಯಾಂಟಿಯಾಗೊ, ಜೋ ನೆಗ್ರೋನಿ. ಈ ಹೆಸರುಗಳನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ತಂಡ ಶುರು ಮಾಡಿದವರು ಅವರೇ. ಇವತ್ತು ನಾನು ಸಾಧ್ಯವಾದಷ್ಟು ಅವರ ಕಡೆ ನಿಂತು ಈ ಕಥೆ ಹೇಳಲು ನೋಡುತ್ತೇನೆ.

ಮೊದಲು ಡೂ-ವಾಪ್ ಬಗ್ಗೆ ಎರಡು ಮಾತು. 1940ರ ದಶಕದ ಕೊನೆಯಿಂದ ನ್ಯೂಯಾರ್ಕ್, ಫಿಲಡೆಲ್ಫಿಯಾ, ಷಿಕಾಗೊ, ಬಾಲ್ಟಿಮೋರ್, ಲಾಸ್ ಏಂಜಲೀಸ್‌ನಂಥ ಊರುಗಳ ಕಪ್ಪು ಜನರ ಕೇರಿಗಳಲ್ಲಿ ಬೆಳೆದ ಹಾಡುಗಾರಿಕೆ ಇದು. ಆಮೇಲೆ ಪೋರ್ಟೊ ರಿಕೊ ಮೂಲದ ಹುಡುಗರು, ಇಟಲಿ ಮೂಲದ ಹುಡುಗರು ಎಲ್ಲರೂ ಸೇರಿಕೊಂಡರು. ವಾದ್ಯ ಕೊಳ್ಳಲು ದುಡ್ಡು ಬೇಕು, ಗಂಟಲಿಗೆ ದುಡ್ಡು ಬೇಡ. ಹಾಗಾಗಿ ವಾದ್ಯದ ಕೆಲಸವನ್ನೂ ಗಂಟಲೇ ಮಾಡುತ್ತಿತ್ತು. ಬೇಸ್ ದನಿಯವನು ಡೊಳ್ಳು ಹೊಟ್ಟೆಯ ದೊಡ್ಡ ತಂತಿವಾದ್ಯದ ಜಾಗ ತುಂಬುತ್ತಿದ್ದ. ನಡುವೆ ಇಬ್ಬರೋ ಮೂವರೋ ಅರ್ಥವಿಲ್ಲದ ಸೊಲ್ಲುಗಳಲ್ಲಿ ತಾಳ ಹಿಡಿಯುತ್ತಿದ್ದರು. ಮೇಲೆ ಒಬ್ಬ ಹಾಡು ಹೇಳುತ್ತಿದ್ದ. ಸ್ವರಗಳ ಚೌಕಟ್ಟು ಬಹಳ ಸರಳ, ನಾಲ್ಕು ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲುಗಳು, ಒಂದೇ ಕ್ರಮದಲ್ಲಿ ಸುತ್ತುತ್ತಿರುತ್ತವೆ, ನೂರಾರು ಹಾಡುಗಳಿಗೆ ಅದೇ ಚೌಕಟ್ಟು. ಅಭ್ಯಾಸ ಎಲ್ಲಿ ಅಂದರೆ ಅಪಾರ್ಟ್‌ಮೆಂಟಿನ ಮೆಟ್ಟಿಲ ಹತ್ತಿರ, ಸಬ್‌ವೇ ಸ್ಟೇಷನ್ನಿನಲ್ಲಿ, ಶಾಲೆಯ ಬಾತ್‌ರೂಮಿನಲ್ಲಿ. ಯಾಕೆಂದರೆ ಅಲ್ಲಿ ದನಿ ಗುಂಯ್‌ಗುಡುತ್ತದೆ, ಸ್ಟುಡಿಯೋದವರು ಯಂತ್ರ ಇಟ್ಟು ಕೊಡುವ ಎಕೋ ಅಲ್ಲಿ ಪುಕ್ಕಟೆ.

ಹೆಸರುಗಳದ್ದೂ ಒಂದು ಮಜಾ ಇದೆ. ರೇವನ್ಸ್, ಓರಿಯೋಲ್ಸ್ ಅಂತ ಮೊದಲು ಎರಡು ತಂಡಗಳು ಹಕ್ಕಿ ಹೆಸರಿಟ್ಟುಕೊಂಡು ಗೆದ್ದವು. ಆಮೇಲೆ ಹಕ್ಕಿಗಳ ಸಂತೆಯೇ ಸೇರಿತು. ಕ್ರೋಸ್, ಪೆಂಗ್ವಿನ್ಸ್, ಫ್ಲೆಮಿಂಗೋಸ್. ಹಕ್ಕಿಗಳು ಮುಗಿದ ಮೇಲೆ ಕಾರುಗಳು ಬಂದವು, ಕ್ಯಾಡಿಲಾಕ್ಸ್ ಅಂತ ಒಂದು ತಂಡವೇ ಇತ್ತು. ನಮ್ಮ ಹುಡುಗರು ಕೂಡ ಸ್ವಲ್ಪ ದಿನ ಕಾರಿನ ಹೆಸರಲ್ಲೇ ಇದ್ದರು, ಕೂಪ್ ಡಿ ವಿಲ್ಸ್ ಅಂತ. ಅದು ಕ್ಯಾಡಿಲಾಕ್ ಕಂಪನಿಯ ಒಂದು ಮಾಡೆಲ್. ಅವರಲ್ಲಿ ಯಾರ ಮನೆಯಲ್ಲೂ ಆ ಕಾರು ಇರುವ ಸಾಧ್ಯತೆ ಇರಲಿಲ್ಲ, ಅದು ಬೇರೆ ವಿಷಯ.

ಮ್ಯಾನ್‌ಹಟನ್‌ನ ಉತ್ತರದ ತುದಿಯಲ್ಲಿ, ಹಾರ್ಲೆಮ್ ದಾಟಿದ ಮೇಲೆ ವಾಷಿಂಗ್ಟನ್ ಹೈಟ್ಸ್ ಅಂತ ಪ್ರದೇಶ. ಅಲ್ಲಿನ ಎಡ್ವರ್ಡ್ ಸ್ಟಿಟ್ ಜೂನಿಯರ್ ಹೈಸ್ಕೂಲಿನಲ್ಲಿ ಗಾರ್ನ್ಸ್, ಮರ್ಚಂಟ್ ಇಬ್ಬರೂ ಓದುತ್ತಿದ್ದರು. ಇಬ್ಬರೂ ಕಪ್ಪು ಹುಡುಗರು. ಅವರು ಅದೇ ಸುತ್ತಮುತ್ತಲಿನ ಸ್ಯಾಂಟಿಯಾಗೊ ಮತ್ತು ನೆಗ್ರೋನಿಯನ್ನು ಸೇರಿಸಿಕೊಂಡರು. ಇವರಿಬ್ಬರೂ ಪೋರ್ಟೊ ರಿಕೊ ಮೂಲದ ಮನೆಯವರು. ಗಾರ್ನ್ಸ್ ಬೇಸ್ ಅಂದರೆ ಎಲ್ಲಕ್ಕಿಂತ ಆಳದ ದನಿ, ನೆಗ್ರೋನಿ ಬ್ಯಾರಿಟೋನ್ ಅಂದರೆ ನಡುವಿನ ದನಿ, ಮರ್ಚಂಟ್ ಟೆನರ್ ಅಂದರೆ ಅದಕ್ಕೂ ಮೇಲಿನ ದನಿ. ಮುಂದೆ ನಿಂತು ಹಾಡುತ್ತಿದ್ದವನು ಸ್ಯಾಂಟಿಯಾಗೊ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫ್ರ್ಯಾಂಕಿ ಸಿಕ್ಕಿದ್ದು ಆಮೇಲೆ, ಶಾಲೆಯ ಒಂದು ಟ್ಯಾಲೆಂಟ್ ಷೋ ಸುತ್ತಮುತ್ತ. ಅವನು ಎಲ್ಲರಿಗಿಂತ ಚಿಕ್ಕವನು, ಆಗ ಹನ್ನೆರಡು ವರ್ಷ. ಅಪ್ಪ ಲಾರಿ ಡ್ರೈವರ್, ಅಮ್ಮ ಮನೆಗೆಲಸ ಮಾಡುತ್ತಿದ್ದರು. ಇಬ್ಬರೂ ಹಾರ್ಲೆಮೇರ್ಸ್ ಅನ್ನೋ ಗಾಸ್ಪೆಲ್ ತಂಡದಲ್ಲಿ ಹಾಡುವವರು. ಹುಡುಗ ಹತ್ತು ವರ್ಷಕ್ಕೇ ದಿನಸಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಚರ್ಚಿನ ಹಾಡು ಮನೆಯಲ್ಲಿ, ಬೀದಿಯ ಮಾತು ಅಂಗಡಿಯಲ್ಲಿ, ಎರಡೂ ಅವನ ಗಂಟಲಿನಲ್ಲಿ ಇದ್ದವು ಅಂತ ನನಗೆ ಅನ್ನಿಸುತ್ತದೆ.

ಹಾಡು ಹುಟ್ಟಿದ ಕಥೆ ಹೀಗಿದೆ, ಇದು ಸ್ಯಾಂಟಿಯಾಗೊ ಮತ್ತು ಮರ್ಚಂಟ್ ಹೇಳಿದ್ದು. ಇವರ ಹಾಡು ಕೇಳಿ ಕೇಳಿ ಸಾಕಾದ ಅಕ್ಕಪಕ್ಕದ ಮನೆಯವರೊಬ್ಬರು, ಬರೀ ಬೇರೆಯವರ ಹಾಡು ಹಾಡುತ್ತೀರಲ್ಲ, ಇದನ್ನು ನೋಡಿ ಅಂತ ತಮ್ಮ ಗೆಳತಿ ಬರೆದ ಪ್ರೇಮಪತ್ರಗಳ ಕಟ್ಟು ಕೊಟ್ಟರು. ಅದರಲ್ಲಿ ಹಕ್ಕಿಗಳು ಯಾಕೆ ಅಷ್ಟು ಖುಷಿಯಾಗಿ ಹಾಡುತ್ತವೆ ಅನ್ನೋ ಥರದ ಒಂದು ಸಾಲಿತ್ತು. ಹುಡುಗರು ಅದನ್ನು ಹಿಡಿದುಕೊಂಡು ಹಾಡು ಕಟ್ಟಿದರು. ಸ್ಯಾಂಟಿಯಾಗೊ ಗಂಟಲಿಗೆ ಅಂತಲೇ ಕಟ್ಟಿದ್ದು.

ಅದೇ ಕೇರಿಯಲ್ಲಿ ರಿಚರ್ಡ್ ಬ್ಯಾರೆಟ್ ಇದ್ದರು. ವ್ಯಾಲೆಂಟೈನ್ಸ್ ತಂಡದ ಗಾಯಕ, ಜಾರ್ಜ್ ಗೋಲ್ಡ್ನರ್ ಅನ್ನೋ ರೆಕಾರ್ಡ್ ಕಂಪನಿ ಮಾಲೀಕರ ಜೊತೆ ಕೆಲಸ ಮಾಡುವವರು. ಹುಡುಗರು ಅವರ ಕಿಟಕಿ ಕೆಳಗೆ ನಿಂತು ಹಾಡಿ ಹಾಡಿ, ಕಾಟ ತಡೆಯಲಾರದೆ ಅವರು ಕೆಳಗಿಳಿದು ಬಂದರಂತೆ. ಅಲ್ಲಿಂದ ಗೋಲ್ಡ್ನರ್ ಮುಂದೆ ಆಡಿಷನ್. ಸ್ಯಾಂಟಿಯಾಗೊಗೆ ಅವತ್ತು ಗಂಟಲು ಕಟ್ಟಿತ್ತು, ಬದಲಿಗೆ ಫ್ರ್ಯಾಂಕಿ ಹಾಡಿದ, ಇತಿಹಾಸ ಆಯಿತು ಅನ್ನೋದು ಎಲ್ಲ ಕಡೆ ಓಡಾಡುವ ಕಥೆ. ಕಿಟಕಿ ಕಥೆ ಬೇಕಾದರೆ ನಂಬೋಣ, ಈ ಗಂಟಲಿನ ಕಥೆ ಸ್ವಲ್ಪ ಜಾಸ್ತಿಯೇ ಚೊಕ್ಕವಾಗಿದೆ. ಫ್ರ್ಯಾಂಕಿ ದನಿ ಕೇಳಿದ ಯಾವ ವ್ಯಾಪಾರಿಯಾದರೂ ಅವನನ್ನೇ ಮುಂದೆ ನಿಲ್ಲಿಸುತ್ತಿದ್ದ. ಅದಕ್ಕೆ ಇನ್ನೊಬ್ಬನ ಗಂಟಲು ಕಟ್ಟಬೇಕಾಗಿರಲಿಲ್ಲ.

1956ರ ಜನವರಿಯಲ್ಲಿ ಗೋಲ್ಡ್ನರ್ ಅವರ ಜೀ ಅನ್ನೋ ರೆಕಾರ್ಡ್ ಕಂಪನಿಯಿಂದ ‘ವೈ ಡೂ ಫೂಲ್ಸ್ ಫಾಲ್ ಇನ್ ಲವ್’ ಬಂತು. ಈಗ ನಿಮಗೆ ಕೇಳಿಸಿದೆನಲ್ಲ, ಅದರ ಮೊದಲ ಹತ್ತು ಸೆಕೆಂಡು ಮತ್ತೊಮ್ಮೆ ಮನಸ್ಸಿಗೆ ತಂದುಕೊಳ್ಳಿ. ಹಾಡು ಶುರುವಾಗೋದು ಫ್ರ್ಯಾಂಕಿಯಿಂದ ಅಲ್ಲ. ಗಾರ್ನ್ಸ್‌ನಿಂದ. ಪಕ್ಕವಾದ್ಯ ಬರುವುದಕ್ಕೂ ಮೊದಲೇ ಅವನ ಆಳದ ದನಿ ಅರ್ಥವಿಲ್ಲದ ಸೊಲ್ಲುಗಳಲ್ಲಿ ಉರುಳಿಕೊಂಡು ಬರುತ್ತದೆ, ಹದಿಹರೆಯದ ಹುಡುಗ ಇಷ್ಟು ಕೆಳಗೆ ಹೋಗಬಲ್ಲನಾ ಅನ್ನಿಸುತ್ತದೆ. ಅದರ ಮೇಲೆ ಉಳಿದವರು ಸೇರುತ್ತಾರೆ. ಇವರೆಲ್ಲ ಜಾಗ ಹಾಸಿಕೊಟ್ಟ ಮೇಲೆ ಫ್ರ್ಯಾಂಕಿ ಬಂದು ಪ್ರಶ್ನೆ ಕೇಳುತ್ತಾನೆ. ಅವನದು ಬೇಕಂತಲೇ ತೆಳುವಾಗಿಸಿ ಏರಿಸಿದ ಕಳ್ಳದನಿಯಲ್ಲ, ಇನ್ನೂ ಒಡೆಯದ ಹುಡುಗನ ದನಿ, ಸಲೀಸಾಗಿ ಮೇಲೆ ಹೋಗುತ್ತದೆ. ಆದರೆ ಹಾಡುವ ಗತ್ತು ದೊಡ್ಡವರದ್ದು, ಪ್ರೀತಿಯಲ್ಲಿ ನಾಲ್ಕು ಸಲ ಪೆಟ್ಟು ತಿಂದವನ ಹಾಗೆ. ಮಧ್ಯೆ ಜಿಮ್ಮಿ ರೈಟ್ ಅವರ ಸ್ಯಾಕ್ಸೊಫೋನು ನುಗ್ಗಿ ಬಂದು ಹೋಗುತ್ತದೆ. ಈ ರೈಟ್ ಅವರೇ ಸ್ಟುಡಿಯೋದಲ್ಲಿ, ಆಗ ಇಟ್ಟುಕೊಂಡಿದ್ದ ಪ್ರೀಮಿಯರ್ಸ್ ಅನ್ನೋ ಹೆಸರು ಬಿಡಿ, ಟೀನೇಜರ್ಸ್ ಅಂತ ಇಟ್ಟುಕೊಳ್ಳಿ ಅಂದಿದ್ದು ಅಂತಾರೆ. ಎರಡೂಕಾಲು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ.

ಅಮೆರಿಕದ ಪಾಪ್ ಪಟ್ಟಿಯಲ್ಲಿ 6ನೇ ಸ್ಥಾನ, ಕಪ್ಪು ಜನರ ಸಂಗೀತದ ಪಟ್ಟಿಯಾದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 1ನೇ ಸ್ಥಾನ, ಜುಲೈ ಹೊತ್ತಿಗೆ ಬ್ರಿಟನ್ನಿನಲ್ಲೂ 1ನೇ ಸ್ಥಾನ. ಇದರ ಜೊತೆಗೇ ಬಿಳಿಯ ಗಾಯಕಿ ಗೇಲ್ ಸ್ಟಾರ್ಮ್ ಅದೇ ಹಾಡು ಹಾಡಿ ಬಿಟ್ಟರು, ಡೈಮಂಡ್ಸ್ ತಂಡವೂ ಹಾಡಿತು. ಆಗ ಅದೇ ಪದ್ಧತಿ. ಕಪ್ಪು ಹುಡುಗರ ಹಾಡು ಓಡುವ ಲಕ್ಷಣ ಕಂಡರೆ ಬಿಳಿಯರ ಕೈಲಿ ಹಾಡಿಸಿ, ಕಪ್ಪು ಜನರ ರೆಕಾರ್ಡ್ ಹಾಕದ ರೇಡಿಯೋಗಳಿಗೆ ಕೊಡುವುದು. ಇಲ್ಲಿ ಮಾತ್ರ ಮೂಲದವರೇ ಮೇಲೆ ಹೋದರು. ನಕಲು ಮಾಡಬಹುದಾದ ದನಿ ಆಗಿದ್ದರೆ ಏನಾಗುತ್ತಿತ್ತೋ.

ಮುಂದಿನ ಒಂದೂವರೆ ವರ್ಷ ಬಸ್ಸು, ವೇದಿಕೆ, ಬಸ್ಸು, ವೇದಿಕೆ. ‘ಐ ವಾಂಟ್ ಯು ಟು ಬಿ ಮೈ ಗರ್ಲ್’ ಓಡಿತು. 1956ರ ‘ರಾಕ್, ರಾಕ್, ರಾಕ್’ ಸಿನಿಮಾದಲ್ಲಿ ಹಾಡಿದರು, ಬ್ರಿಟನ್ನಿಗೆ ಹೋಗಿ ಲಂಡನ್ ಪಲ್ಲೇಡಿಯಮ್‌ನಲ್ಲಿ ಹಾಡಿದರು. ಆ ಸಿನಿಮಾದಲ್ಲಿ ಫ್ರ್ಯಾಂಕಿ ಹಾಡಿದ ಒಂದು ಹಾಡು, ನಾನು ದಾರಿ ತಪ್ಪಿದ ಹುಡುಗನಲ್ಲ ಅಂತ ಹೇಳಿಕೊಳ್ಳುವ ಹಾಡು. ಬಿಳಿ ಸ್ವೆಟರ್ ಹಾಕಿಕೊಂಡ ಒಳ್ಳೆ ಮನೆ ಹುಡುಗರು ಅಂತ ತೋರಿಸಬೇಕಿತ್ತಲ್ಲ, ಬಿಳಿಯ ಅಪ್ಪ ಅಮ್ಮಂದಿರಿಗೆ ಧೈರ್ಯ ಬರಬೇಕಲ್ಲ. ನನಗೆ ಆ ಹಾಡು ಕೇಳುವಾಗ ಪ್ರತಿ ಸಲ ಕಸಿವಿಸಿ ಆಗುತ್ತದೆ.

ಒಡಕು ಶುರುವಾಗಿದ್ದು ಆ ಬ್ರಿಟನ್ ಪ್ರವಾಸದ ಹೊತ್ತಿಗೆ. ಫ್ರ್ಯಾಂಕಿ ಒಬ್ಬನನ್ನೇ ಮುಂದೆ ತರುವುದು ಲಾಭ ಅಂತ ಗೋಲ್ಡ್ನರ್ ಲೆಕ್ಕ ಹಾಕಿದ್ದರು. ತಂಡದ ಆಲ್ಬಮ್ ಅಂತ ಹೊರಟಿದ್ದು ಫ್ರ್ಯಾಂಕಿಯ ಸ್ವಂತ ಆಲ್ಬಮ್ ಆಗಿ ಹೊರಬಂತು. ‘ಗೂಡಿ ಗೂಡಿ’ ಹಾಡಿನಲ್ಲಿ ಹಿಂದೆ ಹಾಡಿದವರು ಈ ನಾಲ್ವರಲ್ಲ, ಕೂಲಿಗೆ ಬಂದ ಸ್ಟುಡಿಯೋ ಗಾಯಕರು. ಹೆಸರು ಮಾತ್ರ ತಂಡದ್ದೇ ಇತ್ತು. 1957 ಮುಗಿಯುವ ಮೊದಲೇ ಫ್ರ್ಯಾಂಕಿ ಅಧಿಕೃತವಾಗಿ ಹೊರಗೆ.

ಅದೇ ವರ್ಷ ಜುಲೈನಲ್ಲಿ ಇನ್ನೊಂದು ನಡೆಯಿತು. ಆಲನ್ ಫ್ರೀಡ್ ಆ ಕಾಲದ ಅತಿ ದೊಡ್ಡ ರಾಕ್ ಅಂಡ್ ರೋಲ್ ರೇಡಿಯೋ ನಿರೂಪಕ. ಎಬಿಸಿ ಟಿವಿಯಲ್ಲಿ ಅವರಿಗೆ ‘ದಿ ಬಿಗ್ ಬೀಟ್’ ಅಂತ ಕಾರ್ಯಕ್ರಮ ಸಿಕ್ಕಿತ್ತು. ಅದರ ನೇರ ಪ್ರಸಾರದಲ್ಲಿ ಫ್ರ್ಯಾಂಕಿ ಒಬ್ಬ ಬಿಳಿ ಹುಡುಗಿಯ ಜೊತೆ ಕುಣಿದ. ಅವನಿಗೆ ಹದಿನಾಲ್ಕು ವರ್ಷ. ದಕ್ಷಿಣ ರಾಜ್ಯಗಳ ಟಿವಿ ಸ್ಟೇಷನ್‌ಗಳು ರೇಗಿದವು, ಸ್ವಲ್ಪ ದಿನದಲ್ಲೇ ಕಾರ್ಯಕ್ರಮ ನಿಂತು ಹೋಯಿತು.

ಉಳಿದ ನಾಲ್ವರು ಸುಮ್ನೆ ಕೂರಲಿಲ್ಲ. ಬಿಲ್ಲಿ ಲೊಬ್ರಾನೊ ಅನ್ನೋ ಬಿಳಿ ಹುಡುಗನನ್ನು ಮುಂದೆ ನಿಲ್ಲಿಸಿ ಹಾಡಿದರು. ಆಗಿನ ಅಮೆರಿಕದಲ್ಲಿ ಇಬ್ಬರು ಕಪ್ಪು, ಇಬ್ಬರು ಪೋರ್ಟೊ ರಿಕೊ, ಒಬ್ಬ ಬಿಳಿ ಹುಡುಗ ಒಂದೇ ವೇದಿಕೆಯಲ್ಲಿ ಇದ್ದರು ಅಂದರೆ ಅದು ದೊಡ್ಡ ವಿಷಯವೇ, ಆದರೆ ಯಾರೂ ರೆಕಾರ್ಡ್ ಕೊಳ್ಳಲಿಲ್ಲ. ಆಮೇಲೆ ಬೇರೆ ಬೇರೆಯವರು ಬಂದರು ಹೋದರು. ಏನೂ ಕೂಡಿ ಬರಲಿಲ್ಲ.

ಫ್ರ್ಯಾಂಕಿಗೂ ಅಷ್ಟೇ. ದನಿ ಒಡೆಯಿತು. ಅವನ ಬಂಡವಾಳ ಅದೊಂದೇ ಅಂತ ಕಂಪನಿಯವರು ತಿಳಿದಿದ್ದರು. ಹದಿನೈದರ ಆಸುಪಾಸಿನಲ್ಲೇ ಹೆರಾಯಿನ್ ಹತ್ತಿತ್ತು. 1960ರಲ್ಲಿ ಬಂದ ‘ಲಿಟಲ್ ಬಿಟ್ಟಿ ಪ್ರೆಟ್ಟಿ ಒನ್’ ಪಟ್ಟಿಯಲ್ಲಿ 58ರ ತನಕ ಹೋಗಿದ್ದೇ ಒಬ್ಬಂಟಿಯಾಗಿ ಸಿಕ್ಕ ಕೊನೆಯ ಸಣ್ಣ ಗೆಲುವು. 1965ರ ಒಂದು ಟಿವಿ ಕಾರ್ಯಕ್ರಮದ ತುಣುಕು ಈಗಲೂ ಸಿಗುತ್ತದೆ, ‘ಹಾಲಿವುಡ್ ಎ ಗೋ ಗೋ’. ಇಪ್ಪತ್ತೆರಡು ವರ್ಷದ ಯುವಕ ನಗುತ್ತಾ, ಕುಣಿಯುತ್ತಾ ತನ್ನದೇ ಹದಿಮೂರನೇ ವಯಸ್ಸಿನ ದನಿಗೆ ತುಟಿ ಆಡಿಸುತ್ತಿದ್ದಾನೆ. ಹೆಜ್ಜೆ ಒಂದೂ ತಪ್ಪಲ್ಲ. ನೋಡುವವರಿಗೇ ಕಷ್ಟ.

ಸೇನೆಗೆ ಕರೆ ಬಂತು, ಜಾರ್ಜಿಯಾದ ಫೋರ್ಟ್ ಗಾರ್ಡನ್‌ಗೆ ಹೋದ, ಅಲ್ಲಿ 1967ರಲ್ಲಿ ಎಮಿರಾ ಈಗಲ್ ಅನ್ನೋ ಶಿಕ್ಷಕಿಯನ್ನು ಮದುವೆಯಾದ. ಚಟವೂ ಬಿಟ್ಟಿತ್ತು ಅಂತಾರೆ. ಮತ್ತೆ ರೆಕಾರ್ಡಿಂಗ್ ಅವಕಾಶ ಸಿಕ್ಕಿ ನ್ಯೂಯಾರ್ಕಿಗೆ ಬಂದವನು 1968ರ ಫೆಬ್ರವರಿ ಕೊನೆಯಲ್ಲಿ ಹಾರ್ಲೆಮಿನ ಅಜ್ಜಿಯ ಮನೆಯ ಬಾತ್‌ರೂಮಿನಲ್ಲಿ ಹೆರಾಯಿನ್ ಜಾಸ್ತಿಯಾಗಿ ಸತ್ತು ಬಿದ್ದಿದ್ದ.

ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತದೆ. ನನಗೆ ಆಸಕ್ತಿ ಇರುವುದು ಇಲ್ಲಿಂದ ಮುಂದಕ್ಕೆ. ಸ್ವಲ್ಪ ಲೆಕ್ಕಪತ್ರದ ವಿಷಯ, ಬೇಸರ ಮಾಡಿಕೊಳ್ಳಬೇಡಿ.

ಅಮೆರಿಕದ ರೇಡಿಯೋದಲ್ಲಿ ಹಾಡು ಬಂದಾಗ ದುಡ್ಡು ಹೋಗುವುದು ಹಾಡು ಬರೆದವರಿಗೆ ಮತ್ತು ಅದರ ಪ್ರಕಾಶಕರಿಗೆ. ಹಾಡಿದವರಿಗೆ ಏನೂ ಇಲ್ಲ. ಎಫ್‌ಎಂ, ಎಎಂ ರೇಡಿಯೋ ಮಟ್ಟಿಗೆ ಇವತ್ತಿಗೂ ಹಾಗೇ. ಪ್ರತಿ ರೆಕಾರ್ಡ್ ಮಾರಾಟವಾದಾಗಲೂ ಹಾಡಿನ ಪಾಲು ಅಂತ ಆಗ 2 ಸೆಂಟ್ ಬರುತ್ತಿತ್ತು, ಅದೂ ಬರೆದವರ ಕಡೆಗೆ. ಹಾಡಿದವರ ರಾಯಲ್ಟಿ ಅಂತ ಒಂದಿರುತ್ತಿತ್ತು ನಿಜ, ಅದರಲ್ಲಿ ಸ್ಟುಡಿಯೋ ಖರ್ಚು, ಇನ್ನೊಂದು ಖರ್ಚು ಅಂತ ಮುರಿದುಕೊಂಡು ಹುಡುಗರ ಕೈಗೆ ಬರುವಾಗ ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ರೆಕಾರ್ಡಿನ ನಡುವೆ ಅಂಟಿಸಿದ ಲೇಬಲ್ ಮೇಲೆ ಹಾಡಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಯಾರ ಹೆಸರಿದೆ ಅನ್ನೋದೇ ಆಸ್ತಿ. ಅದಕ್ಕೇ ಕಂಪನಿ ಮಾಲೀಕರು, ರೇಡಿಯೋದವರು ಎಲ್ಲ ಅಲ್ಲಿ ತಮ್ಮ ಹೆಸರು ತೂರಿಸುತ್ತಿದ್ದರು. ಚಕ್ ಬೆರಿ ಅವರ ‘ಮೇಬೆಲ್ಲೀನ್’ ಹಾಡಿಗೆ ಈಗ ಹೇಳಿದ ಆಲನ್ ಫ್ರೀಡ್ ಕೂಡ ಬರೆದವರು ಅಂತ ಇತ್ತು. ಫ್ರೀಡ್ ಅದರಲ್ಲಿ ಒಂದು ಪದವನ್ನೂ ಬರೆದವರಲ್ಲ, ರೇಡಿಯೋದಲ್ಲಿ ಹಾಕಿದ್ದಕ್ಕೆ ಸಿಕ್ಕ ಪಾಲು ಅದು.

ನಮ್ಮ ಹಾಡಿಗೆ ಏನಾಯಿತು? ಮೊದಲ ಮುದ್ರಣಗಳಲ್ಲಿ ಲೈಮನ್, ಸ್ಯಾಂಟಿಯಾಗೊ, ಗೋಲ್ಡ್ನರ್ ಅಂತ ಇತ್ತು. ಆಮೇಲೆ ಸ್ಯಾಂಟಿಯಾಗೊ ಹೆಸರು ಮಾಯ, ಲೈಮನ್ ಮತ್ತು ಗೋಲ್ಡ್ನರ್ ಉಳಿದರು. ಮರ್ಚಂಟ್ ಹೆಸರು ಯಾವತ್ತೂ ಬರಲೇ ಇಲ್ಲ. ಗೋಲ್ಡ್ನರ್‌ಗೆ ಕುದುರೆ ಜೂಜಿನ ಹುಚ್ಚು. ಸಾಲ ತೀರಿಸಲು ತಮ್ಮ ಕಂಪನಿಗಳನ್ನು ಮಾರಿಸ್ ಲೆವಿ ಅನ್ನುವವರಿಗೆ ಮಾರುತ್ತಾ ಬಂದರು. ಲೆವಿ ಅಂದರೆ ಬರ್ಡ್‌ಲ್ಯಾಂಡ್ ಜಾಜ್ ಕ್ಲಬ್‌ನ ಮಾಲೀಕ, ರೂಲೆಟ್ ರೆಕಾರ್ಡ್ಸ್ ಮಾಲೀಕ, ಮಾಫಿಯಾ ನಂಟಿನವರು ಅಂತ ಆ ಧಂಧೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮನುಷ್ಯ. 1988ರಲ್ಲಿ ಸುಲಿಗೆ ಸಂಚಿನ ಕೇಸಿನಲ್ಲಿ ಅಪರಾಧಿ ಅಂತ ತೀರ್ಪಾಯಿತು, ಜೈಲಿಗೆ ಹೋಗುವ ಮೊದಲೇ 1990ರಲ್ಲಿ ತೀರಿಕೊಂಡರು. 1960ರ ದಶಕದ ಮಧ್ಯದಲ್ಲಿ ಹಾಡಿನ ಮೇಲೆ ಗೋಲ್ಡ್ನರ್ ಜಾಗಕ್ಕೆ ಲೆವಿ ಹೆಸರು ಬಂತು. ಹಾಡು ಬಂದು ಸುಮಾರು ಹತ್ತು ವರ್ಷದ ಮೇಲೆ ಒಬ್ಬರು ಅದನ್ನು ಬರೆದವರಾದರು! ನೀವು ಈ ಹಾಡನ್ನು ಹೇಗೆ ಬರೆದಿರಿ ಅಂತ 1984ರಲ್ಲಿ ವಕೀಲರು ಕೇಳಿದಾಗ ಲೆವಿ, ಎಲ್ಲ ಸೇರಿ ಒಂದು ತಾಳ ಹಿಡಿಯೋದು, ಪದ ಜೋಡಿಸೋದು, ಹಾಗೆ ಅಂದರು. ಯುರೋಪಿನ ದೊಡ್ಡ ಸಂಗೀತ ರಚನಕಾರ ಶೋಪ್ಯಾನ್ ಥರ ಕೂತು ಹಾಡು ಬರೆದೆ ಅಂದರೆ ನಿಮ್ಮನ್ನು ದಾರಿ ತಪ್ಪಿಸಿದ ಹಾಗೆ ಆಗುತ್ತದೆ ಅಂತಲೂ ಸೇರಿಸಿದರು. ಇದನ್ನು ಪ್ರಮಾಣ ಮಾಡಿ ಹೇಳಿದ್ದು ಅನ್ನೋದನ್ನು ಮರೆಯಬೇಡಿ.

1981ರಲ್ಲಿ ಡಯಾನಾ ರಾಸ್ ಈ ಹಾಡನ್ನು ಮತ್ತೆ ಹಾಡಿದರು. ಅಮೆರಿಕದಲ್ಲಿ 7ನೇ ಸ್ಥಾನ. ಸತ್ತಿದ್ದ ಹಾಡು ದುಡ್ಡು ಸುರಿಸಲು ಶುರು ಮಾಡಿತು. ಇಲ್ಲಿ ಕಾನೂನಿನ ಒಂದು ತಿರುವು ಇದೆ. ಆ ಕಾಲದ ಹಾಡುಗಳಿಗೆ ಹಕ್ಕಿನ ಮೊದಲ ಅವಧಿ 28 ವರ್ಷ. ಅಂದರೆ 1956ರ ಹಾಡಿಗೆ 1984. ಆಮೇಲೆ ನವೀಕರಣ. ಬರೆದವನು ಅಷ್ಟರೊಳಗೆ ಸತ್ತಿದ್ದರೆ ನವೀಕರಿಸಿದ ಹಕ್ಕು ಅವನ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ಹಾಗಾದರೆ ಫ್ರ್ಯಾಂಕಿಯ ಹೆಂಡತಿ ಯಾರು? ಮೂವರು ಬಂದರು. ಎಲಿಜಬೆತ್ ವಾಟರ್ಸ್, 1964ರಲ್ಲಿ ಮದುವೆಯಾಗಿದ್ದೆ ಅಂದರು, ಆದರೆ ಆಗ ಅವರಿಗೆ ಮೊದಲ ಗಂಡನಿಂದ ವಿಚ್ಛೇದನ ಆಗಿರಲಿಲ್ಲ. ಪ್ಲ್ಯಾಟರ್ಸ್ ತಂಡದ ಗಾಯಕಿ ಜೋಲಾ ಟೇಲರ್, ಮೆಕ್ಸಿಕೋದಲ್ಲಿ ಮದುವೆಯಾಯಿತು ಅಂದರು, ದಾಖಲೆ ತೋರಿಸಲಾಗಲಿಲ್ಲ. ಮೂರನೆಯವರು ಎಮಿರಾ ಈಗಲ್. ಕೆಳಗಿನ ಕೋರ್ಟು ವಾಟರ್ಸ್ ಕಡೆ ಹೇಳಿತು, 1990ರಲ್ಲಿ ಮೇಲಿನ ಕೋರ್ಟು ಅದನ್ನು ತಿರುಗಿಸಿ ಎಮಿರಾ ಕಡೆ ಹೇಳಿತು. ಇದರ ಮೇಲೆ ಹಾಲಿವುಡ್ ಸಿನಿಮಾ ಕೂಡ ಬಂತು, 1998ರಲ್ಲಿ. ಮೂವರು ಹೆಂಡತಿಯರ ಕಥೆ ಯಾರಿಗೆ ಬೇಡ?

ಈ ಗಲಾಟೆಯಲ್ಲಿ ಬದುಕಿದ್ದ ಇಬ್ಬರನ್ನು ಯಾರೂ ಕೇಳಲಿಲ್ಲ. ಗಾರ್ನ್ಸ್ 1977ರಲ್ಲಿ, ನೆಗ್ರೋನಿ 1978ರಲ್ಲಿ ತೀರಿಕೊಂಡಿದ್ದರು. ಇಬ್ಬರೂ ನಲವತ್ತು ಮುಟ್ಟಿರಲಿಲ್ಲ. ಸ್ಯಾಂಟಿಯಾಗೊ ಮತ್ತು ಮರ್ಚಂಟ್ 1987ರಲ್ಲಿ ಕೋರ್ಟಿಗೆ ಹೋದರು, ಈ ಹಾಡು ನಮ್ಮದೂ ಹೌದು ಅಂತ. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಅನ್ನೋದು ಎದುರಿನವರ ಮೊದಲ ಪ್ರಶ್ನೆ. ಹಿಂದೆ ಕೇಳಲು ಹೋದಾಗ ಲೆವಿ ಬೆದರಿಸಿ ಕಳಿಸಿದ್ದರು, ಜೀವಭಯ ಇತ್ತು ಅಂತ ಇವರು ಹೇಳಿದರು. 1992ರಲ್ಲಿ ಜ್ಯೂರಿ ಇವರನ್ನು ನಂಬಿತು. ಲೈಮನ್ ಜೊತೆ ಸ್ಯಾಂಟಿಯಾಗೊ, ಮರ್ಚಂಟ್ ಕೂಡ ಹಾಡು ಬರೆದವರು ಅಂತ ತೀರ್ಪು ಬಂತು. ಮರುವರ್ಷವೇ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಐವರ ಹೆಸರೂ ಸೇರಿತು. ಎಲ್ಲ ಸರಿ ಹೋಯಿತು ಅಂತ ಅನ್ನಿಸಿರಬೇಕು, ಅಲ್ವಾ?

1996ರಲ್ಲಿ ಮೇಲ್ಮನವಿ ಕೋರ್ಟು ತೀರ್ಪು ರದ್ದು ಮಾಡಿತು. ಅವರು ಬರೆದಿಲ್ಲ ಅಂತ ಅಲ್ಲ. ಕಾಪಿರೈಟ್ ದಾವೆಗೆ ಮೂರು ವರ್ಷದ ಗಡುವು ಇದೆ, ಸಹ ಲೇಖಕರು ಅನ್ನೋ ಹಕ್ಕನ್ನೂ ಅಷ್ಟರೊಳಗೇ ಕೇಳಬೇಕು, ಇವರು ಬರುವಾಗ ತಡವಾಗಿತ್ತು ಅಂತ. ಆ ತೀರ್ಪನ್ನು ಅಮೆರಿಕದ ಕಾಪಿರೈಟ್ ಕೇಸುಗಳಲ್ಲಿ ವಕೀಲರು ಈಗಲೂ ಉದಾಹರಿಸುತ್ತಾರೆ. ಮರ್ಚಂಟ್ ವರ್ಸಸ್ ಲೆವಿ ಅಂತ ಅದರ ಹೆಸರು. ಹಾಡಿನ ಮೇಲೆ ಬರದ ಮರ್ಚಂಟ್ ಹೆಸರು ಕಾನೂನು ಪುಸ್ತಕಕ್ಕಾದರೂ ಬಂತು.

ಇಬ್ಬರೂ ಹಾಡುವುದನ್ನು ಬಿಟ್ಟಿರಲಿಲ್ಲ ಅನ್ನೋದನ್ನು ಹೇಳಲೇಬೇಕು. ಹಳೆ ಹಾಡುಗಳ ಕಾರ್ಯಕ್ರಮ ಅಮೆರಿಕದಲ್ಲಿ ದೊಡ್ಡ ವ್ಯಾಪಾರ, ಟೀನೇಜರ್ಸ್ ಹೆಸರಲ್ಲಿ ಅವರು ಮತ್ತೆ ವೇದಿಕೆ ಹತ್ತಿದರು. ಫ್ರ್ಯಾಂಕಿಯ ಭಾಗ ಹಾಡುವವರು ಯಾರು ಅನ್ನೋದೇ ಸಮಸ್ಯೆ, ಬೆಳೆದ ಗಂಡಸರ ಗಂಟಲಿಗೆ ಅದು ಎಟುಕುವುದಿಲ್ಲ. ಅವರು ಕಂಡುಕೊಂಡ ಉಪಾಯ ಪರ್ಲ್ ಮೆಕಿನನ್. ಕೋಡಾಕ್ಸ್ ಅನ್ನೋ ತಂಡದಲ್ಲಿ ಹಾಡುತ್ತಿದ್ದ ಹೆಣ್ಣುಮಗಳು, 1950ರ ದಶಕದಲ್ಲೇ ಇವಳ ದನಿ ಥೇಟ್ ಫ್ರ್ಯಾಂಕಿ ಥರ ಅಂತ ಹೆಸರಾಗಿದ್ದವರು. ಅವರ ಹಾಡುಗಾರಿಕೆಯ ವಿಡಿಯೋಗಳು ಸಿಗುತ್ತವೆ, ಮನೆಗೆ ಹೋದ ಮೇಲೆ ಹುಡುಕಿ ನೋಡಿ. ಹಿಂದೆ ದನಿ ಕೊಡುತ್ತಿರುವವರಲ್ಲಿ ಸ್ಯಾಂಟಿಯಾಗೊ ಯಾರು, ಮರ್ಚಂಟ್ ಯಾರು ಅಂತ ಗುರುತು ಹಿಡಿಯಲು ಪ್ರಯತ್ನಿಸಿ.